ಒಂದು ಮತದ ಬೆಲೆ

ಬೇಸ್‌ಬಾಲ್ ಆಟದ ಹುಚ್ಚು ನನಗೆ ಹಿಡಿದು ಬಹಳ ವರ್ಷಗಳಾದುವು. ಕ್ರಿಕೆಟ್ಟಿನ ನಾಡಿನಲ್ಲಿ ಹುಟ್ಟಿದವನಿಗೆ ಇದೆಲ್ಲಿಯ ಗೀಳು ಎಂದು ಸ್ನೇಹಿತರು ಕೇಳುವುದುಂಟು. ಗೀಳಿಗೆ ಕಾರಣ ಹೇಳುವುದು ಯಾರಿಗೂ ಸುಲಭವಲ್ಲ. ಆ ಪ್ರಯತ್ನವನ್ನು ನಾನು ಮಾಡುವುದಿಲ್ಲ. ಆದರೆ ಪ್ರತಿ ವರ್ಷ ಜನವರಿ ತಿಂಗಳಲ್ಲಿ, ಅಮೆರಿಕದ ಮೈದಾನಗಳೆಲ್ಲ ಹಿಮದಡಿಯಲ್ಲೋ ಮೌನದಲ್ಲೋ ಮಲಗಿರುವಾಗ, ಈ ಆಟದ ಅಭಿಮಾನಿಗಳು ಒಂದು ದಿನಕ್ಕಾಗಿ ಕಾದು ಕುಳಿತಿರುತ್ತಾರೆ. ಅಂದು ಯಾರೂ ಚೆಂಡು ಎಸೆಯುವುದಿಲ್ಲ, ಯಾರೂ ದಾಂಡು ಬೀಸುವುದಿಲ್ಲ. ಕೆಲವು ಮತಗಳ ಎಣಿಕೆಯನ್ನು ಓದಿ ಹೇಳುತ್ತಾರೆ, ಅಷ್ಟೆ. ಆ ಎಣಿಕೆಯ ವಿಚಾರವಾಗಿ ಅಭಿಮಾನಿಯೊಬ್ಬನ ಮನಸ್ಸಿನಲ್ಲಿರುವ ನಾಲ್ಕು ಮಾತುಗಳನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬುದು ಸರೋವರದ ದಡದ ಒಂದು ಚಿಕ್ಕ ಊರು. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಬೇಸ್‌ಬಾಲನ್ನು ಇಲ್ಲಿಯೇ ಹುಟ್ಟುಹಾಕಿದನೆಂದು ಒಂದು ಕಥೆಯಿತ್ತು. ಆ ವರ್ಷ ಆತ ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ. ಕಥೆ ನಿಜವಲ್ಲವೆಂದು ಇತಿಹಾಸಕಾರರು ಎಂದೋ ತೀರ್ಮಾನಿಸಿದ್ದಾರೆ. ಆದರೂ ಸ್ಥಳಪುರಾಣ ಸುಳ್ಳಾದ ಮಾತ್ರಕ್ಕೆ ಕ್ಷೇತ್ರದ ಮಹಿಮೆ ಕುಗ್ಗುವುದಿಲ್ಲವೆಂಬುದು ನಮಗೇನೂ ಹೊಸದಲ್ಲ. 1939ರಲ್ಲಿ ಬಾಗಿಲು ತೆರೆದ ಅಲ್ಲಿಯ ಕೀರ್ತಿಮಂದಿರದೊಳಗೆ ಒಂದು ಕಂಚಿನ ಫಲಕವಾಗಿ ನಿಲ್ಲುವುದು ಬೇಸ್‌ಬಾಲ್ ಆಟಗಾರನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಗೌರವ.

ಒಳಗೆ ಹೋಗುವ ದಾರಿ ಹೀಗಿದೆ. ದೊಡ್ಡ ಲೀಗುಗಳಲ್ಲಿ ಕನಿಷ್ಠ ಹತ್ತು ವರ್ಷ ಆಡಿರಬೇಕು. ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು. ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಪತ್ರಕರ್ತರು ಮತದಾರರು. ಒಬ್ಬೊಬ್ಬರು ಹೆಚ್ಚೆಂದರೆ ಹತ್ತು ಹೆಸರುಗಳಿಗೆ ಗುರುತು ಹಾಕಬಹುದು. ನೂರಕ್ಕೆ 75 ಮತ ಬಂದರೆ ಪ್ರವೇಶ. 5ಕ್ಕಿಂತ ಕಡಿಮೆ ಬಂದರೆ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ನಡುವೆ ಉಳಿದವರು ಹತ್ತು ವರ್ಷಗಳವರೆಗೆ ಕಾಯಬಹುದು. 2014ರವರೆಗೆ ಈ ಅವಧಿ ಹದಿನೈದು ವರ್ಷಗಳಾಗಿತ್ತು. ಅಲ್ಲಿಯೂ ಸೋತವರಿಗೆ ಹದಿನಾರು ಮಂದಿಯ ಒಂದು ಸಣ್ಣ ಸಮಿತಿಯೇ ಕೊನೆಯ ಆಸರೆ. ಆ ಹದಿನಾರರಲ್ಲಿ ಹನ್ನೆರಡು ಮಂದಿ ಒಪ್ಪಬೇಕು.

2025ರ ಜನವರಿಯ ಫಲಿತಾಂಶವನ್ನು ತೆಗೆದುಕೊಳ್ಳೋಣ. ಜಪಾನಿನ ಇಚಿರೊ ಸುಜುಕಿಯವರ ಹೆಸರು ಮೊದಲ ಬಾರಿಗೆ ಪಟ್ಟಿಯಲ್ಲಿತ್ತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, 2001ರಲ್ಲಿ, ಅವರು ಸಿಯಾಟಲ್ ತಂಡಕ್ಕೆ ಬಂದಾಗ ಈ ಸಪೂರ ದೇಹದ ಮನುಷ್ಯ ಅಮೆರಿಕದ ವೇಗದ ಎಸೆತಗಳನ್ನು ತಾಳಿಕೊಂಡಾನೆಯೆ ಎಂದು ಅನುಮಾನಿಸಿದವರಿದ್ದರು. ಆತ ಸತತವಾಗಿ ಹತ್ತು ವರ್ಷ, ವರ್ಷಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲದಂತೆ ಹಿಟ್‌ಗಳನ್ನು ಗಳಿಸಿದರು. 2004ರಲ್ಲಿ 262 ಹಿಟ್ ಗಳಿಸಿ, 1920ರಿಂದ ಅಳಿಯದೆ ನಿಂತಿದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆಯನ್ನು ಹಿಂದಿಕ್ಕಿದರು. ಅಂಥವರಿಗೆ 394 ಮತಪತ್ರಗಳಲ್ಲಿ 393 ಬಂದುವು. ಒಂದು ಮಾತ್ರ ಬರಲಿಲ್ಲ.

ಆ ಒಂದು ಮತದ ಮೇಲೆ ಎದ್ದ ಗದ್ದಲವನ್ನು ಏನೆಂದು ಹೇಳಲಿ! ಯಾರವನು, ಹೊರಗೆ ಬರಲಿ, ಮುಖ ತೋರಿಸಲಿ ಎಂದು ಅಭಿಮಾನಿಗಳು ಕೂಗಾಡಿದರು. ಮತದಾನ ಗುಪ್ತವಾದ್ದರಿಂದ ಆ ಮತದಾರ ಹೊರಗೆ ಬರಲಿಲ್ಲ. ಇಚಿರೊ ಮಾತ್ರ ಕೋಪಿಸಿಕೊಳ್ಳಲಿಲ್ಲ. ಆ ಬರಹಗಾರನನ್ನು ಮನೆಗೆ ಕರೆದು, ಒಟ್ಟಿಗೆ ಕುಳಿತು ಪಾನೀಯ ಸೇವಿಸಿ ಮಾತಾಡಬೇಕೆಂದಿದೆ ಎಂದು ನಗುತ್ತ ನುಡಿದರು.

ನನಗೂ ಆ ಮತದಾರನ ಮೇಲೆ ಕೋಪವಿಲ್ಲ. ಎತ್ತರದಲ್ಲಿ ನಿಂತವರಿಗೆ ಹೀಗೆ ಒಂದೆರಡು ಮತ ತಪ್ಪುವುದು ಈ ಚುನಾವಣೆಯ ಹಳೆಯ ಸಂಪ್ರದಾಯ. 1936ರ ಮೊದಲ ಚುನಾವಣೆಯಲ್ಲಿ 226 ಮಂದಿ ಮತ ಹಾಕಿದರು. ಬೇಬ್ ರೂತ್‌ನಂಥ ಆಟಗಾರನನ್ನು ಅವರಲ್ಲಿ 11 ಮಂದಿ ಬಿಟ್ಟಿದ್ದರು. 1979ರಲ್ಲಿ ವಿಲ್ಲಿ ಮೇಸ್‌ಗೆ 23 ಮತಗಳು ತಪ್ಪಿದುವು. 1982ರಲ್ಲಿ ಹ್ಯಾಂಕ್ ಆರನ್‌ಗೆ 9 ತಪ್ಪಿದುವು. 2019ರಲ್ಲಿ ಪನಾಮದ ಮರಿಯಾನೊ ರಿವೇರಾಗೆ 425ಕ್ಕೆ 425 ಬರುವತನಕ, ಎಂಬತ್ತಮೂರು ವರ್ಷ, ಯಾರೂ ಅವಿರೋಧವಾಗಿ ಒಳಗೆ ಹೋಗಿರಲಿಲ್ಲ. ಅದರ ಮರುವರ್ಷವೇ ಡೆರೆಕ್ ಜೀಟರ್‌ಗೆ 397ರಲ್ಲಿ 396 ಬಂದುವು. ಇದರಿಂದ ಯಾರಿಗೇನು ನಷ್ಟವಾಯಿತು? ರೂತ್‌ನ ಫಲಕದ ಕಂಚು ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೆ? ಹತ್ತೇ ಹೆಸರುಗಳ ಮಿತಿಯಿರುವುದರಿಂದ, ಇಚಿರೊ ಹೇಗೂ ಗೆಲ್ಲುತ್ತಾರೆ, ಪಟ್ಟಿಯಿಂದ ಜಾರಿಹೋಗಲಿರುವ ಇನ್ನೊಬ್ಬನನ್ನು ಉಳಿಸೋಣ ಎಂದು ಒಬ್ಬ ಮತದಾರ ಯೋಚಿಸುವುದೂ ಸಾಧ್ಯ. ಹಾಗೆಯೇ ನಡೆಯಿತೆಂದು ನಾನು ಹೇಳುತ್ತಿಲ್ಲ. ನಡೆದಿದ್ದರೆ ಅದರಲ್ಲಿ ಅಧರ್ಮವೇನಿದೆ ಎಂದಷ್ಟೇ ನನ್ನ ಪ್ರಶ್ನೆ.

ಒಂದು ಮತದ ನಿಜವಾದ ಬೆಲೆ ಗೊತ್ತಾಗುವುದು ಶಿಖರದಲ್ಲಿ ಅಲ್ಲ, ಹೊಸ್ತಿಲಲ್ಲಿ. ರಿವೇರಾ ಧರಿಸುತ್ತಿದ್ದುದು 42ನೆಯ ಅಂಕಿ. ಅದು ಜಾಕಿ ರಾಬಿನ್ಸನ್ನರ ಅಂಕಿ. 1947ರಲ್ಲಿ ಬ್ರೂಕ್ಲಿನ್ ತಂಡದ ಪರವಾಗಿ ಮೈದಾನಕ್ಕಿಳಿದು, ವರ್ಣಭೇದದ ಗೋಡೆಯನ್ನು ಒಡೆದವರು ಅವರು. ಅವರ ಗೌರವಾರ್ಥವಾಗಿ 1997ರಲ್ಲಿ ಆ ಅಂಕಿಯನ್ನು ಎಲ್ಲ ತಂಡಗಳೂ ತೆಗೆದಿರಿಸಿದುವು; ಆಗಾಗಲೇ ತೊಟ್ಟಿದ್ದವರಿಗೆ ಮಾತ್ರ ವಿನಾಯಿತಿ ದೊರೆಯಿತು. ಅಂಥವರಲ್ಲಿ ಕೊನೆಯವರು ರಿವೇರಾ. ಆದರೆ 1962ರಲ್ಲಿ ಸ್ವತಃ ರಾಬಿನ್ಸನ್ನರಿಗೆ ಬಂದುದು 160ರಲ್ಲಿ 124 ಮತಗಳು. ಬೇಕಾಗಿದ್ದುದು 120. ಇನ್ನು ಐವರು ತಲೆಯಾಡಿಸಿದ್ದರೆ ಆ ವರ್ಷ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅದೇ ಅಂಕಿ ತೊಟ್ಟ ರಿವೇರಾಗೆ ಒಂದು ಮತವೂ ತಪ್ಪಲಿಲ್ಲ. ಕಾಲ ಬದಲಾಯಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಾಗಿಲು ಮುಚ್ಚಿಕೊಂಡವರ ಕಥೆಯೂ ಇದೆ. ಡಿಕ್ ಆಲನ್ ಎಂಬ ಆಟಗಾರ 1964ರಲ್ಲಿ ಫಿಲಡೆಲ್ಫಿಯಾ ತಂಡದಲ್ಲಿ ಆಡಿ ವರ್ಷದ ಶ್ರೇಷ್ಠ ಹೊಸಬನೆನಿಸಿಕೊಂಡರು. 1972ರಲ್ಲಿ ಷಿಕಾಗೋದಲ್ಲಿ ತಮ್ಮ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದರು. ಒಟ್ಟು 351 ಹೋಮ್ ರನ್ ಹೊಡೆದರು. ಕಪ್ಪು ವರ್ಣದವರೆಂಬ ಕಾರಣಕ್ಕೆ ಅವರು ಅನುಭವಿಸಿದ ನಿಂದೆ ಅಷ್ಟಿಷ್ಟಲ್ಲ. ತಮ್ಮ ಊರಿನ ಪ್ರೇಕ್ಷಕರೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದುದರಿಂದ, ದಾಂಡು ಹಿಡಿದಾಗಲಷ್ಟೇ ಅಲ್ಲ, ಕ್ಷೇತ್ರರಕ್ಷಣೆಗೆ ನಿಂತಾಗಲೂ ಆತ ತಲೆಗೆ ಶಿರಸ್ತ್ರಾಣ ಹಾಕಿಕೊಳ್ಳುತ್ತಿದ್ದರು. ಬರಹಗಾರರ ಮತದಲ್ಲಿ ಅವರಿಗೆ ನೂರಕ್ಕೆ 20 ಕೂಡ ಎಂದೂ ಬರಲಿಲ್ಲ. 2014ರಲ್ಲಿ ಹೆಸರು ಸಮಿತಿಯ ಮುಂದೆ ಬಂದಿತು. ಹದಿನಾರರಲ್ಲಿ ಹನ್ನೊಂದು. ಒಂದು ಮತ ಕಡಿಮೆ! 2020ರ ಡಿಸೆಂಬರಿನಲ್ಲಿ ಮತ್ತೆ ಸೇರಬೇಕಾಗಿದ್ದ ಸಮಿತಿಯ ಸಭೆಯನ್ನು ಕೊರೋನಾ ಪಿಡುಗಿನಿಂದಾಗಿ ಒಂದು ವರ್ಷ ಮುಂದೂಡಿದರು. ಅದೇ ಡಿಸೆಂಬರ್ 7ರಂದು ಆಲನ್ ತೀರಿಕೊಂಡರು. ಮರುವರ್ಷ ಸಭೆ ಸೇರಿತು. ಮತ್ತೆ ಹನ್ನೊಂದು, ಮತ್ತೆ ಒಂದು ಮತ ಕಡಿಮೆ. ಕೊನೆಗೆ 2024ರ ಡಿಸೆಂಬರಿನಲ್ಲಿ ಹದಿಮೂರು ಮಂದಿ ಒಪ್ಪಿದರು.

ಹೀಗಾಗಿ 2025ರ ಜುಲೈ 27ರಂದು, ಇಚಿರೊ ನಿಂತ ವೇದಿಕೆಯ ಮೇಲೆಯೇ ಡಿಕ್ ಆಲನ್ನರ ಪತ್ನಿಯೂ ನಿಂತು ಗಂಡನ ಪರವಾಗಿ ಮಾತನಾಡಿದರು. ಅಂದು ಸೇರಿದ ಇನ್ನೊಬ್ಬರು ಡೇವ್ ಪಾರ್ಕರ್. ಹದಿನೈದು ವರ್ಷ ಬರಹಗಾರರ ಪಟ್ಟಿಯಲ್ಲಿದ್ದು ಬರಿಗೈಯಲ್ಲಿ ಹಿಂದಿರುಗಿದವರು. ಪಾರ್ಕಿನ್ಸನ್ ಕಾಯಿಲೆಯಿಂದ ಬಹುಕಾಲ ನರಳಿದವರು. ಆಯ್ಕೆಯ ಸುದ್ದಿ ಅವರ ಕಿವಿಗೆ ಬಿತ್ತು. ಆದರೆ ಸಮಾರಂಭಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ, ಜೂನ್ 28ರಂದು, ಅವರು ಕಣ್ಣು ಮುಚ್ಚಿದರು. ಅವರ ಮಾತುಗಳನ್ನು ಮಗ ಓದಿದ. ನೂರಕ್ಕೆ ನೂರಾಗಲಿಲ್ಲವೆಂದು ಒಂದು ಮತಕ್ಕಾಗಿ ಕೂಗಾಡಿದ ನಾವು, ಆ ದಿನ ವೇದಿಕೆಯ ಮೇಲಿಲ್ಲದಿದ್ದ ಆ ಇಬ್ಬರಿಗಾಗಿ ಎಷ್ಟು ಕೂಗಿದ್ದೆವು?

ಬಕ್ ಓನೀಲರ ನೆನಪೂ ಇಲ್ಲಿ ಬರುತ್ತದೆ. ಕಪ್ಪು ಜನರ ಪ್ರತ್ಯೇಕ ಲೀಗುಗಳಲ್ಲಿ ಆಡಿದವರನ್ನು ಆರಿಸಲು 2006ರಲ್ಲಿ ಒಂದು ವಿಶೇಷ ಸಮಿತಿ ಸೇರಿತು. ಹದಿನೇಳು ಮಂದಿಯನ್ನು ಆರಿಸಿತು. ಹದಿನೇಳು ಮಂದಿಯೂ ತೀರಿಹೋದವರು. ಆ ಲೀಗುಗಳ ನೆನಪನ್ನು ಬದುಕಿನುದ್ದಕ್ಕೂ ಕಾಪಾಡಿಕೊಂಡು ಬಂದ ಓನೀಲ್, ತೊಂಬತ್ತನಾಲ್ಕರ ವೃದ್ಧ, ಬದುಕಿದ್ದರು, ಅವರನ್ನು ಆರಿಸಲಿಲ್ಲ. ಆ ವರ್ಷದ ಸಮಾರಂಭದಲ್ಲಿ ಹದಿನೇಳು ಮಂದಿಯ ಪರವಾಗಿ ಮಾತನಾಡಲು ಕರೆದಾಗ ಅವರು ಬಂದರು; ಕಹಿಯ ಒಂದು ಮಾತೂ ಇಲ್ಲದೆ ಮಾತನಾಡಿದರು; ನೆರೆದವರನ್ನು ಕೈಕೈ ಹಿಡಿಸಿ ಹಾಡಿಸಿದರು. ಅಕ್ಟೋಬರಿನಲ್ಲಿ ತೀರಿಕೊಂಡರು. ಅವರನ್ನು ಆರಿಸಿದ್ದು 2021ರಲ್ಲಿ. ಅಟ್ಟ ಮೇಲೆ ಒಲೆ ಉರಿಯಿತೆಂದು ನಮ್ಮ ಹಿರಿಯರು ಹೇಳುವುದು ಇಂಥದಕ್ಕೇ.

ಇನ್ನು ಶೀಲದ ಪ್ರಶ್ನೆ. ಆಟದ ಸಾಮರ್ಥ್ಯದ ಜತೆಗೆ ಪ್ರಾಮಾಣಿಕತೆ, ಕ್ರೀಡಾಮನೋಭಾವ, ನಡತೆಗಳನ್ನೂ ತೂಗಬೇಕೆಂದು ಮತದಾರರಿಗೆ ನಿಯಮವಿದೆ. ಬ್ಯಾರಿ ಬಾಂಡ್ಸ್ 762 ಹೋಮ್ ರನ್ ಹೊಡೆದವರು. ರೋಜರ್ ಕ್ಲೆಮೆನ್ಸ್ 354 ಪಂದ್ಯಗಳನ್ನು ಗೆದ್ದ ಪಿಚರ್. ನಿಷಿದ್ಧ ಔಷಧಗಳನ್ನು ಬಳಸಿದರೆಂಬ ಆರೋಪ ಇಬ್ಬರನ್ನೂ ಬೆನ್ನಟ್ಟಿತು. 2022ರಲ್ಲಿ, ಹತ್ತನೆಯ ಹಾಗೂ ಕೊನೆಯ ಯತ್ನದಲ್ಲಿ, ಒಬ್ಬರಿಗೆ ನೂರಕ್ಕೆ 66, ಇನ್ನೊಬ್ಬರಿಗೆ 65 ಬಂದುವು. 2025ರ ಡಿಸೆಂಬರಿನಲ್ಲಿ ಸಮಿತಿಯ ಮುಂದೆ ಇಬ್ಬರಿಗೂ ಐದು ಮತಗಳೂ ದೊರೆಯಲಿಲ್ಲ. ಇದನ್ನು ನ್ಯಾಯವೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ದಂಡನೆಯೊಡಗೂಡಿದ ಪರೀಕ್ಷೆಯನ್ನು ದೊಡ್ಡ ಲೀಗುಗಳು ಜಾರಿಗೆ ತಂದದ್ದು 2004ರಲ್ಲಿ. ಆ ಕಾಲದಲ್ಲಿ ಆಟದ ಆಡಳಿತವನ್ನು ನಡೆಸುತ್ತಿದ್ದ ಬಡ್ ಸೀಲಿಗ್ 2017ರಲ್ಲಿ ಫಲಕವೇರಿದರು. ಕಪ್ಪು ಆಟಗಾರರೊಡನೆ ಆಡಲಾರೆನೆಂದಿದ್ದ ಕ್ಯಾಪ್ ಆನ್ಸನ್ 1939ರಲ್ಲೇ ಒಳಗೆ ಬಂದ. ತಕ್ಕಡಿ ಒಬ್ಬರಿಗೊಂದು ಬಗೆ ತೂಗಬಾರದು. ಬಾಂಡ್ಸ್ 2007ರಲ್ಲಿ ಆರನ್ನರ ದಾಖಲೆ ಮುರಿದ ಚೆಂಡು ಕೂಪರ್ಸ್‌ಟೌನಿನ ಸಂಗ್ರಹದಲ್ಲಿದೆ. ಅದನ್ನು ಕೊಂಡವನು ಸಾರ್ವಜನಿಕರ ಮತ ಕೇಳಿ, ಶಂಕೆಯ ನಕ್ಷತ್ರಚಿಹ್ನೆಯೊಂದನ್ನು ಅದರ ಮೇಲೆ ಕೊರೆಸಿ ಕಳುಹಿಸಿದ. ಚೆಂಡು ಒಳಗೆ, ಹೊಡೆದವನು ಹೊರಗೆ. ನನ್ನ ಮಟ್ಟಿಗೆ ಹೇಳುವುದಾದರೆ, ಅವರನ್ನು ಒಳಗೆ ಬಿಟ್ಟು, ಸಾಧನೆಯನ್ನೂ ಸಂಶಯವನ್ನೂ ಅದೇ ಫಲಕದ ಮೇಲೆ ಬರೆಯಬೇಕು. ಇತಿಹಾಸಕ್ಕೆ ಮರೆಮಾಚುವ ಕೆಲಸ ಒಪ್ಪುವುದಿಲ್ಲ.

ಪೀಟ್ ರೋಸ್‌ನ ಸಂಗತಿ ಇನ್ನೂ ವಿಚಿತ್ರ. 4,256 ಹಿಟ್‌ಗಳ ಒಡೆಯ. ಪಂದ್ಯಗಳ ಮೇಲೆ ಜೂಜಾಡಿದನೆಂದು 1989ರಲ್ಲಿ ಬಹಿಷ್ಕೃತನಾದ. ಜೂಜು ಆಟದ ಬೇರಿಗೇ ಹತ್ತುವ ಗೆದ್ದಲು. ದಂಡನೆಯನ್ನು ನಾನು ತಪ್ಪೆನ್ನುವುದಿಲ್ಲ. ಆತ 2024ರ ಸೆಪ್ಟೆಂಬರಿನಲ್ಲಿ ಸತ್ತ. 2025ರ ಮೇ ತಿಂಗಳಲ್ಲಿ, ಬಹಿಷ್ಕಾರವು ಮರಣದೊಂದಿಗೆ ಮುಗಿಯುತ್ತದೆ ಎಂಬ ತೀರ್ಮಾನ ಹೊರಬಿತ್ತು. ಕ್ಷಮೆ ಸಲ್ಲದಿದ್ದರೆ ಎಂದೂ ಸಲ್ಲಬಾರದು. ಸಲ್ಲುವುದಾದರೆ ಬದುಕಿದ್ದಾಗ ಸಲ್ಲಬೇಕು. ಸಾವನ್ನೇ ಅರ್ಹತೆಯಾಗಿಸುವುದು ಯಾವ ನೀತಿ?

ನಾನು ಕೇಳುವುದು ಹೆಚ್ಚೇನಲ್ಲ. ಹತ್ತು ಹೆಸರುಗಳ ಮಿತಿಯನ್ನು ತೆಗೆದುಹಾಕಲಿ. ಪ್ರತಿಯೊಂದು ಹೆಸರಿನ ಮುಂದೆ ಮತದಾರ ಹೌದು ಅಥವಾ ಇಲ್ಲ ಎಂದು ಬರೆಯಲಿ. ಸಮಿತಿಯಲ್ಲಂತೂ ಈಗ ಎಂಟು ಹೆಸರುಗಳಲ್ಲಿ ಮೂರಕ್ಕೆ ಮಾತ್ರ ಮತ ಹಾಕಲು ಅವಕಾಶ. ಅಲ್ಲಿ ಒಬ್ಬನ ಯೋಗ್ಯತೆಯನ್ನು ಒಪ್ಪಿಯೂ ಅವನನ್ನು ಬಿಡಬೇಕಾಗುತ್ತದೆ. ಒಂದು ಮತದಿಂದ ಸೋತವನ ಹೆಸರು ವರ್ಷಗಟ್ಟಲೆ ಕಾಯದೆ ಮರುವರ್ಷವೇ ಮತ್ತೆ ಬರಲಿ. ಮುದುಕರಿಗೆ ವರ್ಷಗಳು ನಮ್ಮ ನಿಮ್ಮ ವರ್ಷಗಳಷ್ಟು ಅಗ್ಗವಲ್ಲ.

ನಮ್ಮ ಊರುಗಳ ಹೊರಗೆ ವೀರಗಲ್ಲುಗಳಿವೆ. ಅವನ್ನು ನಿಲ್ಲಿಸಿದ್ದು ಮಡಿದವರಿಗಾಗಿ. ವೀರ ತನ್ನ ಕಲ್ಲನ್ನು ತಾನು ಕಾಣುವಂತಿಲ್ಲ. ಕೂಪರ್ಸ್‌ಟೌನಿನ ಫಲಕಕ್ಕೆ ಆ ಕಟ್ಟಿಲ್ಲ. ಬದುಕಿರುವವನು ಅದರ ಮುಂದೆ ನಿಂತು, ಕಂಚಿನಲ್ಲಿ ಮೂಡಿದ ತನ್ನ ಮುಖವನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಇಚಿರೊಗೆ ಆ ಭಾಗ್ಯ ದೊರೆಯಿತು; ತಮಗೆ ಮತ ಹಾಕದವನನ್ನು ಮನೆಗೆ ಕರೆಯುವಷ್ಟು ಆಯುಸ್ಸೂ ನಗುವೂ ಅವರಲ್ಲಿ ಉಳಿದಿವೆ. ಡಿಕ್ ಆಲನ್ನರಿಗೂ ಮತ ಹಾಕದವರಿದ್ದರು. ಅವರನ್ನು ಕರೆಯಲು ಆಲನ್ ಇಲ್ಲ.