ಹಾವಿನ ವಿಷ, ನಮ್ಮ ಸ್ನಾಯು, ನಮ್ಮ ಕಾವಲು ಕೋಶಗಳು
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಎಂ.ಟೆಕ್., ಕೆಲಸ ಐಟಿ ಕಂಪನಿಯಲ್ಲಿ. ವೈದ್ಯೆಯಲ್ಲ. ಆದರೂ ಈ ವಿಷಯ ಆರಿಸಿಕೊಂಡೆ. ನಾವು ಪುಣೆಯಲ್ಲಿದ್ದರೂ ನಮ್ಮಲ್ಲಿ ಅನೇಕರ ಅಪ್ಪ-ಅಮ್ಮ, ಅತ್ತೆ-ಮಾವ ಊರಿನಲ್ಲಿ ಹೊಲ-ಗದ್ದೆಗಳ ನಡುವೆಯೇ ಇದ್ದಾರೆ. 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜು. ಬದುಕಿ ಉಳಿದ ಕೆಲವರು ಬೆರಳು, ಕಾಲು ಕಳೆದುಕೊಳ್ಳುತ್ತಾರೆ. ಔಷಧಿ ಸಿಕ್ಕಿದರೂ ಹೀಗೇಕೆ ಆಗುತ್ತದೆ?

ಮಂಡಲದ ಹಾವುಗಳ ವಿಷದಲ್ಲಿ ಹಲವು ಕಿಣ್ವಗಳು, ಅಂದರೆ ಎಂಜೈಮ್‌ಗಳು, ಇರುತ್ತವೆ. ಹಯಲುರಾನಿಡೇಸ್ ಎಂಬುದು ಜೀವಕೋಶಗಳ ನಡುವಿನ ಅಂಟನ್ನು ಕರಗಿಸಿ ವಿಷಕ್ಕೆ ದಾರಿ ಮಾಡಿಕೊಡುತ್ತದೆ. ಫಾಸ್ಫೋಲಿಪೇಸ್ ಎ2 ಸ್ನಾಯುಕೋಶದ ಕೊಬ್ಬಿನ ಪೊರೆಯನ್ನು ಕತ್ತರಿಸುತ್ತದೆ. ಪೊರೆ ಹರಿದೊಡನೆ ಹೊರಗಿನ ಕ್ಯಾಲ್ಸಿಯಂ ಒಳನುಗ್ಗಿ ಸ್ನಾಯುವಿನ ಎಳೆ ಸಾಯುತ್ತದೆ. ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೂ ತೊಂದರೆ ಕೊಡಬಹುದು. ಮೆಟಲೋಪ್ರೋಟಿನೇಸ್ ಸಣ್ಣ ರಕ್ತನಾಳಗಳ ಗೋಡೆಯನ್ನೇ ಒಡೆಯುತ್ತದೆ. ಸತ್ತ ಎಳೆಯ ಜಾಗದಲ್ಲಿ ಹೊಸದನ್ನು ಬೆಳೆಸುವ ಕಾಂಡಕೋಶಗಳು ಸ್ನಾಯುವಿನಲ್ಲಿವೆ. ಆದರೆ ರಕ್ತವೇ ಬಾರದಿದ್ದರೆ ಅವು ತಾನೇ ಏನು ಮಾಡಿಯಾವು?

ಇನ್ನು ಕಾವಲಿಗಿರುವ ಬಿಳಿ ರಕ್ತಕಣಗಳು. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಗರಗಸ ಮಂಡಲದ ವಿಷದ ಬಗ್ಗೆ ಒಂದು ಮುಖ್ಯ ಸಂಗತಿ ಪ್ರಕಟಿಸಿದರು. ವಿಷ ಬಿದ್ದ ಜಾಗಕ್ಕೆ ಧಾವಿಸುವ ನ್ಯೂಟ್ರೋಫಿಲ್ ಕಣಗಳು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲುತ್ತವೆ. ಬಲೆ ವಿಷವನ್ನು ಅಲ್ಲೇ ಹಿಡಿದಿಡುತ್ತದೆ, ಜೊತೆಗೆ ರಕ್ತನಾಳಗಳನ್ನೂ ಮುಚ್ಚುತ್ತದೆ. ಹೀಗಾಗಿ ಆ ಜಾಗದ ಮಾಂಸ ಕೊಳೆಯುತ್ತದೆ. ಇಲಿಗಳಿಗೆ ಡಿಎನ್‌ಎ ಕತ್ತರಿಸುವ ಕಿಣ್ವ ಕೊಟ್ಟಾಗ ಹಾನಿ ಕಡಿಮೆಯಾಯಿತು.

ಇದೆಲ್ಲ ಶುರುವಾಗಲು ಗಂಟೆಗಟ್ಟಲೆ ಬೇಡ, ನಿಮಿಷಗಳು ಸಾಕು. ಆಂಟಿವೆನಮ್ ಚುಚ್ಚುಮದ್ದು ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿದು ಪ್ರಾಣ ಉಳಿಸುತ್ತದೆ. ಸತ್ತುಹೋದ ಸ್ನಾಯುವನ್ನು ಅದು ಬದುಕಿಸಲಾರದು. ಹಗ್ಗ ಬಿಗಿದು ಕಟ್ಟಿದರೆ ಇರುವ ಅಲ್ಪಸ್ವಲ್ಪ ರಕ್ತವೂ ನಿಂತು, ವಿಷ ಒಂದೇ ಕಡೆ ಕೂತು ಇನ್ನಷ್ಟು ಹಾಳುಮಾಡುತ್ತದೆ. ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಮಂತ್ರ, ನಾಟಿಮದ್ದು ಎಂದು ಅಲೆದರೆ ಹೊತ್ತು ಹೋಗುತ್ತದೆ.

ಹಾಗಾದರೆ ಮಾಡಬೇಕಾದ್ದು? ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದಂತೆ ಇಡಿ. ಊತ ಏರುವ ಮುನ್ನ ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಿರಿ. ನಡೆಸಬೇಡಿ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹುಡುಕುತ್ತಾ ಕೂರಬೇಡಿ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಮ್ಮಿಂದಾಗುವ ಕೆಲಸ ಇನ್ನೂ ಚಿಕ್ಕದು. ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: “ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆಂಟಿವೆನಮ್ ಇದೆ?” ಉತ್ತರವನ್ನು ಮನೆಯ ಗೋಡೆಯ ಮೇಲೆ ಬರೆದಿಡಲು ಹೇಳಿ.