ಹೊತ್ತು ತಂದ ನಾಲ್ವರು



ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸಂಧಿವಾತ, ಸೊಂಟನೋವು ಹೊರಗೆ ಕಾಣೋದಿಲ್ಲ. "ಇವಳದ್ದು ಯಾವಾಗಲೂ ಇದೇ ಗೋಳು" ಅಂತ ಮನೆಯವರೇ ಹೇಳ್ತಾರೆ. ಆಕೆ ಸಂಘದ ಸಭೆಗೂ ಬರುವುದನ್ನು ಬಿಡುತ್ತಾಳೆ. ಆಮೇಲೆ ನೋವಿಗಿಂತ ಒಂಟಿತನವೇ ದೊಡ್ಡದಾಗುತ್ತದೆ.

ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಜನರ ಗುಂಪಿನಿಂದ ದಾರಿ ಸಿಗದೆ, ಛಾವಣಿ ತೆಗೆದು ಯೇಸುವಿನ ಮುಂದೆ ಇಳಿಸುತ್ತಾರೆ. ರೋಗಿಗಳಿಗಾಗಿ ಇರುವ ಕ್ರೈಸ್ತ ಬಳಗಗಳ ಕೆಲಸವೂ ಇದೇ. ಕಾಯಿಲೆಯವರು ಒಟ್ಟಿಗೆ ಕೂತು ಪ್ರಾರ್ಥಿಸುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಪೋಪ್ ಎರಡನೇ ಜಾನ್ ಪಾಲ್ ಅವರು 1992ರಲ್ಲಿ ಘೋಷಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಪ್ರತಿ ಫೆಬ್ರವರಿ 11ರಂದು ಆಚರಿಸುತ್ತೇವೆ. ಆದರೆ ವರ್ಷಕ್ಕೊಂದು ದಿನ ಸಾಲದು.

"ಇದು ನಿನ್ನ ಪಾಪದ ಫಲ", "ನಿನಗೆ ನಂಬಿಕೆ ಸಾಲದು" ಅನ್ನೋ ಮಾತು ಬೇಡವೇ ಬೇಡ. ಹುಟ್ಟುಕುರುಡನ ವಿಷಯದಲ್ಲಿ ಯೇಸುವೇ ಅದನ್ನು ಒಪ್ಪಲಿಲ್ಲ. ಪ್ರಾರ್ಥನೆ ಮಾಡ್ತೀವಿ ಅಂತ ಮಾತ್ರೆ ನಿಲ್ಲಿಸಲೂ ಬೇಡಿ.

ನಿಮ್ಮ ಸಂಘದಲ್ಲಿ ಸಭೆಗೆ ಬರಲಾಗದವರು ಯಾರು? ಯಾವ ಧರ್ಮದವರಾದರೂ ಸರಿ, ಮುಂದಿನ ಸಭೆಯನ್ನು ಅವರ ಮನೆಯಲ್ಲೇ ಮಾಡಿ. ಉಳಿತಾಯದ ಪುಸ್ತಕ ಅಲ್ಲೇ ಬರೆಯಿರಿ. ಆಸ್ಪತ್ರೆಗೆ ಸರದಿಯಂತೆ ಒಬ್ಬೊಬ್ಬರು ಜೊತೆಗೆ ಹೋಗಿ. ಆ ರೋಗಿಗೆ ನಾಲ್ಕೇ ಜನ ಇದ್ದರು. ನಿಮ್ಮ ಸಂಘದಲ್ಲಿ ಅದಕ್ಕಿಂತ ಹೆಚ್ಚೇ ಇದ್ದೀರಿ.

ದೇವರು ಎಲ್ಲರನ್ನೂ ಆಶೀರ್ವದಿಸಲಿ.