ಕೌದಿಯ ಹೊಲಿಗೆ, ರೊಟ್ಟಿಯ ಬುಟ್ಟಿ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ನನಗಿಂತ ಬಲ್ಲವರು ಈಗಾಗಲೇ ವಿವರಿಸಿದ್ದಾರೆ. ಸೇವೆ ಸಲ್ಲಿಸಿದ ಗುರುಗಳ ಹೆಸರುಗಳೂ ಕಟ್ಟಡಗಳ ಇಸವಿಗಳೂ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಅಚ್ಚಾಗದೆ ಉಳಿದುಬಿಡಬಹುದಾದ ಒಂದು ಸಂಗತಿಯನ್ನು, ಅಂದರೆ ನಮ್ಮ ಮನೆಗಳ ಚಳಿಗಾಲವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆ ಬೇಡುತ್ತೇನೆ.

ಚಿತ್ರದುರ್ಗದ ಚಳಿ ಕೊಡಗಿನ ಚಳಿಯಂಥದಲ್ಲ. ನಮ್ಮದು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದ ಬಂಡೆಗಳ ಊರು. ಹಗಲೆಲ್ಲ ಕಾದ ಬಂಡೆ ಇರುಳು ಕಳೆಯುವುದರೊಳಗೆ ತಣ್ಣಗಾಗುತ್ತದೆ. ನಮ್ಮ ಆಗಮನ ಕಾಲ ಮುಗಿಯುತ್ತ ಬಂದು ನೆರೆಯವರ ಧನುರ್ಮಾಸ ಆರಂಭವಾಗುವ ದಿನಗಳಲ್ಲಿ, ಬೆಳಗಿನ ಬಲಿಪೂಜೆಗೆ ಬರುವ ಹಿರಿಯರ ತಲೆಯ ಮೇಲೆ ಮಫ್ಲರೋ ಸೆರಗೋ ಇದ್ದೇ ಇರುತ್ತದೆ.

ಈ ಚಳಿಗೆ ಜಿಲ್ಲೆ ಎರಡು ಹೊದಿಕೆಗಳನ್ನು ಕೊಟ್ಟಿದೆ. ಒಂದು ಕಂಬಳಿ. ಚಳ್ಳಕೆರೆಯ ಕಡೆಯ ಕುರುಬ ಬಂಧುಗಳು ದಖನಿ ಕುರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ನೇಯುವ ಕರಿಯ ಕಂಬಳಿ ಮಳೆಗೂ ಸೈ, ಮಂಜಿಗೂ ಸೈ. ಇನ್ನೊಂದು ಕೌದಿ. ಕಂಬಳಿಗೆ ನೇಕಾರನುಂಟು, ಸಂತೆಯುಂಟು. ಕೌದಿಯಾದರೋ ಮನೆಯ ಹಳೆಯ ಬಟ್ಟೆಯಿಂದ ಮನೆಯ ಹೆಂಗಸರ ಕೈಯಲ್ಲೇ ಹುಟ್ಟುವಂಥದು. ಅಡಿಗೆ ಒಂದು ಮೆತ್ತನೆಯ ಹಳೆಯ ಸೀರೆ, ಅದರ ಮೇಲೆ ಪಂಚೆ, ಲಂಗ, ಅಂಗಿಗಳ ಚೂರುಗಳು, ಪದರದ ಮೇಲೆ ಪದರ. ಅಂಚಿನಿಂದ ಆರಂಭಿಸಿ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ. ಹತ್ತಿಯ ಬಟ್ಟೆಯೇ ಆಗಬೇಕು. ರೇಷ್ಮೆ ಜಾರುತ್ತದೆ, ನೈಲಾನ್ ಬೆವರನ್ನು ಹೀರುವುದಿಲ್ಲ. ಹೊಲಿಗೆ ಒತ್ತೊತ್ತಾಗಿದ್ದಷ್ಟೂ ಬಾಳಿಕೆ ಹೆಚ್ಚು. ಒಬ್ಬಳೇ ಕೂತರೆ ವಾರಗಟ್ಟಲೆ ಹಿಡಿಯುವ ಕೆಲಸಕ್ಕೆ ನಾಲ್ವರು ನಾಲ್ಕು ಅಂಚಿನಲ್ಲಿ ಕೂತರೆ ದಿನಗಳು ಸಾಕು. ನೆರೆಹೊರೆಯವರನ್ನು ಒಂದೇ ಚಾಪೆಯ ಮೇಲೆ ಕೂರಿಸುತ್ತಿದ್ದುದು ಈ ಲೆಕ್ಕವೇ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನಾಂಗದ ತಾಯಂದಿರು ಇದೇ ಕೌದಿಯನ್ನು ಅತಿ ಸುಂದರವಾಗಿ ಹೊಲಿಯುತ್ತಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಗಿತ್ತು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ನಮ್ಮ ಕಥೋಲಿಕ ಬಂಧುಗಳೂ ಇದ್ದಾರೆ. ಕೌದಿಯ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವನ್ನಿಟ್ಟು ಮುಗಿಸುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆಯೆಂಬುದು ಅವರ ಮಾತು. ಕ್ರೈಸ್ತ ಮನೆಯ ಕೌದಿಯಲ್ಲಿ ಒಮ್ಮೊಮ್ಮೆ ಶಿಲುಬೆಯೂ ಮೂಡುತ್ತದೆ.

ಹೊಲಿಯಲು ಕೂತವರಿಗೆ ಹಸಿವಾಗದೆ ಇರುತ್ತದೆಯೇ? ನಮ್ಮ ಜಿಲ್ಲೆ ಮುದ್ದೆಯ ಸೀಮೆಯೂ ರೊಟ್ಟಿಯ ಸೀಮೆಯೂ ಕೂಡುವ ಸ್ಥಳ. ಮುದ್ದೆ ಬಿಸಿಯಿರುವಾಗಲೇ ಉಣ್ಣತಕ್ಕದ್ದು; ರೊಟ್ಟಿ ಬುಟ್ಟಿಯಲ್ಲಿ ಕಾಯುತ್ತದೆ, ನೆರೆಮನೆಗೂ ಹೋಗುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲವಾದ್ದರಿಂದ ಕುದಿಯುವ ನೀರು ಹೊಯ್ದು, ಕೈ ಸುಡುತ್ತಿರುವಾಗಲೇ ನಾದಬೇಕು. ತಟ್ಟಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಕಡೆಗೆ ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬುತ್ತದೆ. ಜೊತೆಗೆ ಹುಚ್ಚೆಳ್ಳಿನ ಚಟ್ನಿ, ಚಳಿಗಾಲದ ಅವರೆಕಾಳಿನ ಸಾರು. ಇದಕ್ಕಿಂತ ಹೆಚ್ಚಿನ ಔತಣ ನನಗಂತೂ ತಿಳಿಯದು.

ಕನ್ನಡದ ಶುಭಸಂದೇಶದಲ್ಲಿಯೂ ಈ ರೊಟ್ಟಿಯೆಂಬ ಮಾತೇ ಇರುವುದನ್ನು ಗಮನಿಸಿ. ಅಂದ್ರೆಯನು ಯೇಸುಸ್ವಾಮಿಗೆ ತೋರಿಸಿದ ಹುಡುಗನ ಬಳಿ ಇದ್ದವು ಜವೆಗೋಧಿಯ ಐದು ರೊಟ್ಟಿಗಳು. ಜವೆಗೋಧಿ ಆ ನಾಡಿನ ಬಡವರ ಧಾನ್ಯ, ನಮ್ಮ ರಾಗಿ ಜೋಳಗಳಂತೆ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ತಬಿಥಾ ಎಂಬ ಭಕ್ತೆ ತೀರಿಕೊಂಡಾಗ, ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಅವಳು ಅವರೊಡನಿದ್ದಾಗ ಹೊಲಿದ ಉಡುಪುಗಳನ್ನು. ಅವಳು ಅವರೊಡನಿದ್ದಳು ಎಂಬ ಮಾತನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ.

ಗಮನಿಸುವಂತೆ ಮಾಡಿದವರು ಒಬ್ಬ ಅಜ್ಜಿ. ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ಮುಂಚಿನ ವಾರ ನಾವು ಕೆಲವರು ಅಂಗಡಿಯಿಂದ ಹೊದಿಕೆಗಳನ್ನು ತಂದು ಮನೆಮನೆಗೆ ಹಂಚಿದೆವು. ಅಜ್ಜಿ ಹೊದಿಕೆಯನ್ನು ಕಣ್ಣಿಗೊತ್ತಿಕೊಂಡು, ಒಳಗಿನಿಂದ ಹರಿದ ಕೌದಿಯೊಂದನ್ನು ತಂದರು. ಅದರಲ್ಲಿ ತೀರಿಹೋದ ಗಂಡನ ಪಂಚೆಯಿತ್ತು, ಗಂಡನ ಮನೆಗೆ ಹೋದ ಮಗಳ ಲಂಗವಿತ್ತು. “ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದಪ್ಪ. ಇದಕ್ಕೆ ನಾಲ್ಕು ಹೊಲಿಗೆ ಹಾಕುವವರಿದ್ದರೆ ಕಳಿಸಿಕೊಡು. ಕೂತ್ಕೋ, ರೊಟ್ಟಿ ಇದೆ” ಎಂದರು. ಇನ್ನೂ ಹನ್ನೊಂದು ಮನೆಗಳಿದ್ದವು. ಹಬ್ಬ ಕಳೆಯಲಿ ಅಜ್ಜಿ ಎಂದು ಹೊರಟುಬಂದೆ. ತಪಸ್ಸುಕಾಲದಲ್ಲಿ ಅವರ ಮರಣದ ಸುದ್ದಿ ಕೇಳಿ ಹೋದಾಗ, ನಾವು ಕೊಟ್ಟ ಹೊದಿಕೆ ಪೆಟ್ಟಿಗೆಯ ಮೇಲೆ ಮಡಿಕೆ ಬಿಚ್ಚದೆ ಇತ್ತು. ಅಜ್ಜಿಯ ಮೇಲೆ ಹೊದಿಸಿದ್ದುದು ಆ ಹರಿದ ಕೌದಿಯನ್ನೇ.

ಹೊದಿಕೆ ಹಂಚಬಾರದೆಂದು ನಾನು ಹೇಳುತ್ತಿಲ್ಲ. ಚಳಿಯಲ್ಲಿ ನಡುಗುವವನಿಗೆ ಹೊಲಿಗೆ ಮುಗಿಯುವವರೆಗೆ ಕಾಯೆನ್ನುವುದು ಕ್ರೂರತನ. ಆದರೆ ಹನ್ನೊಂದು ಮನೆಗಳನ್ನು ಮರುದಿನಕ್ಕೆ ಬಿಡಬಹುದಾಗಿತ್ತು.

ಆದ್ದರಿಂದ ಒಂದು ಬಿನ್ನಹ. ಗುರುಗಳು ಸಭಾಂಗಣವನ್ನು ಭಾನುವಾರದ ಮಧ್ಯಾಹ್ನಗಳಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಮನೆಯಲ್ಲಿರುವ ಹಳೆಯ ಹತ್ತಿ ಸೀರೆ ಪಂಚೆಗಳನ್ನು ಒಗೆದು ತನ್ನಿರಿ. ಹರಿದ ಕೌದಿಗಳಿದ್ದರೆ ಮೊದಲು ಅವನ್ನೇ ತನ್ನಿರಿ. ಹೊಲಿಗೆ ಬಲ್ಲ ತಾಯಂದಿರು ಕಲಿಸಲಿ. ದಾರ ಪೋಣಿಸುವುದು ಕಣ್ಣು ಚುರುಕಾದ ಮಕ್ಕಳ ಪಾಲಿಗಿರಲಿ. ಗಂಡಸರೂ ಕೂರಬಹುದು, ಗೋಣಿಚೀಲ ಹೊಲಿದ ಕೈಗೆ ಕೌದಿ ಕಷ್ಟವಲ್ಲ. ಬೀದಿಯಲ್ಲಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ಬಂದರೆ ಚೌಕಾಸಿ ಮಾಡದೆ ಅವರನ್ನೂ ಕರೆತನ್ನಿರಿ. ಪ್ರತಿ ಮನೆಯಿಂದ ಎರಡು ರೊಟ್ಟಿ ಹೆಚ್ಚಿಗೆ ಬರಲಿ. ಚಟ್ನಿಯ ಹೊಣೆ ನಮ್ಮ ಮನೆಯದು. ಬರುವ ಭಾನುವಾರ ಎರಡು ಗಂಟೆಗೆ ಚಾಪೆ ಹಾಸಿರುತ್ತೇವೆ.